ಡಿಸ್ಲೆಕ್ಸಿಯಾ ಇರುವ ಮಹಿಳೆಯರಿಗೆ: ನಿಮ್ಮ ಓದನ್ನು ನೀವೇ ಅರಿತು, ಬೇಕಾದುದನ್ನು ಕೇಳಿ ಪಡೆಯುವ ಬಗೆ

ಮಂಗಳೂರು, ಉಡುಪಿಯ ಕಡೆ ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಈಗ ಅಪರೂಪ. ಎಲ್ಲರೂ ಓದುವ ಊರಿನಲ್ಲಿ ಓದುವುದೇ ಕಷ್ಟವಾಗುವ ಹೆಣ್ಣುಮಗಳು ಅದನ್ನು ಹೇಳಿಕೊಳ್ಳುವುದಾದರೂ ಯಾರ ಬಳಿ? ಸ್ವಸಹಾಯ ಸಂಘದ ಸಭೆಯಲ್ಲಿ ನಡಾವಳಿ ಓದುವ ಸರದಿ ಬಂದಾಗ ಕನ್ನಡಕ ಮರೆತು ಬಂದೆ ಎನ್ನುವವರು, ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ ವಾಚನಕ್ಕೆ ಹೆಸರು ಸೂಚಿಸಿದರೆ ಗಂಟಲು ಸರಿಯಿಲ್ಲ ಎನ್ನುವವರು, ಬ್ಯಾಂಕಿನ ಚಲನ್ ತುಂಬಿಸಲು ಮಗನನ್ನು ಜೊತೆಗೆ ಕರೆದೊಯ್ಯುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಇವರಲ್ಲಿ ಕೆಲವರಿಗಾದರೂ ಇರುವುದು ಡಿಸ್ಲೆಕ್ಸಿಯಾ ಎಂಬ ಓದು ಬರಹದ ತೊಡಕು. ಅದನ್ನು ಅವರಿಗೆ ಯಾರೂ ತಿಳಿಸಿಲ್ಲ.

ಈ ಮಾರ್ಗದರ್ಶಿಯ ಉದ್ದೇಶ ಇಷ್ಟು: "ನನಗೆ ಓದು ತಲೆಗೆ ಹತ್ತುವುದಿಲ್ಲ" ಎಂಬ ಒಟ್ಟಾರೆ ಮಾತನ್ನು ಬಿಟ್ಟು, ಯಾವುದು ಕಷ್ಟ, ಯಾವುದು ಸಲೀಸು, ಏನು ಒದಗಿಸಿದರೆ ಕೆಲಸ ಸರಾಗವಾಗುತ್ತದೆ ಎಂಬುದನ್ನು ನೀವು ಖಚಿತವಾಗಿ ಹೇಳುವಂತಾಗಬೇಕು. ತನ್ನ ಪರವಾಗಿ ಮಾತನಾಡಲು ಧೈರ್ಯ ಬೇಕೆಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮೊದಲು ಬೇಕಾದುದು ಖಚಿತವಾದ ವಿವರ ಎಂಬುದು ನನ್ನ ನಂಬಿಕೆ. ವಿವರ ಕೈಯಲ್ಲಿದ್ದರೆ ಧೈರ್ಯ ತಾನಾಗಿ ಬರುತ್ತದೆ.

ಇಷ್ಟುದ್ದದ ಬರಹವನ್ನು ಕಣ್ಣಿನಿಂದ ಓದುವುದು ನಿಮಗೆ ಆಯಾಸವಾದರೆ ಕೇಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ "ಸೆಲೆಕ್ಟ್ ಟು ಸ್ಪೀಕ್" ಎಂಬುದನ್ನು ಚಾಲೂ ಮಾಡಿ, ಧ್ವನಿಯ ಭಾಷೆಯಾಗಿ ಕನ್ನಡವನ್ನು ಆರಿಸಿಕೊಂಡರೆ ಪರದೆಯ ಮೇಲಿನ ಬರಹವನ್ನು ಫೋನೇ ಗಟ್ಟಿಯಾಗಿ ಓದಿ ಹೇಳುತ್ತದೆ.

ಮೊದಲು ತಿಳಿದಿರಬೇಕಾದುದು

ಡಿಸ್ಲೆಕ್ಸಿಯಾ ಎಂದರೆ ಅಕ್ಷರವನ್ನು ಅದರ ಧ್ವನಿಯೊಂದಿಗೆ ಜೋಡಿಸಿ ಪದವನ್ನು ತಪ್ಪಿಲ್ಲದೆ, ತಡೆಯಿಲ್ಲದೆ ಓದುವುದರಲ್ಲಿ ಮತ್ತು ಕಾಗುಣಿತ ತಪ್ಪದೆ ಬರೆಯುವುದರಲ್ಲಿ ಮಿದುಳಿಗೆ ಎದುರಾಗುವ ಹುಟ್ಟಿನಿಂದ ಬಂದ ತೊಡಕು. ಈ ಹೆಸರನ್ನು 1880ರ ದಶಕದಲ್ಲಿ ಬಳಕೆಗೆ ತಂದವರು ಜರ್ಮನಿಯ ರುಡಾಲ್ಫ್ ಬರ್ಲಿನ್ ಎಂಬ ಕಣ್ಣಿನ ವೈದ್ಯರು. ಆದರೆ ತೊಡಕು ಕಣ್ಣಿನದಲ್ಲ, ಮಾತಿನ ಧ್ವನಿಗಳನ್ನು ಬಿಡಿಸಿ ಗುರುತಿಸುವ ಮಿದುಳಿನ ಕಾರ್ಯಕ್ಕೆ ಸಂಬಂಧಿಸಿದ್ದು ಎಂಬುದು ಮುಂದೆ ಸ್ಪಷ್ಟವಾಯಿತು. ಬುದ್ಧಿಶಕ್ತಿಯ ಮಟ್ಟದಿಂದ ಇದು ಬರುವುದಿಲ್ಲ, ಶ್ರದ್ಧೆಯ ಕೊರತೆಯಿಂದಲೂ ಬರುವುದಿಲ್ಲ. ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುವ ಸಾಧ್ಯತೆ ಹೆಚ್ಚು. ಆದ್ದರಿಂದ "ನಮ್ಮ ಅಪ್ಪನಿಗೂ ಹೀಗೆಯೇ ಆಗುತ್ತಿತ್ತು" ಎಂಬ ನೆನಪು ಬಂದರೆ ಅದನ್ನು ಲಘುವಾಗಿ ಕಾಣಬೇಡಿ.

ಹೆಣ್ಣುಮಕ್ಕಳು ಗಮನಕ್ಕೆ ಬಾರದೆ ಹೋಗುವುದಕ್ಕೆ ಕಾರಣವಿದೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಯಾಲಿ ಶೇವಿಟ್ಜ್ ಮತ್ತು ಸಂಗಡಿಗರು ಶಾಲಾಮಕ್ಕಳ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗಳು ಓದಿನ ತೊಂದರೆ ಇದೆಯೆಂದು ಗುರುತಿಸಿದ ಮಕ್ಕಳಲ್ಲಿ ಹುಡುಗರೇ ಬಹಳ ಹೆಚ್ಚಿದ್ದರು. ಸಂಶೋಧಕರು ತಾವೇ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಹುಡುಗ ಹುಡುಗಿಯರ ನಡುವೆ ಅಂಥ ದೊಡ್ಡ ಅಂತರ ಕಾಣಲಿಲ್ಲ. ಓದಲಾಗದ ಸಿಟ್ಟನ್ನು ಗಲಾಟೆಯಾಗಿ ಹೊರಹಾಕುವ ಹುಡುಗ ಟೀಚರ ಕಣ್ಣಿಗೆ ಬೀಳುತ್ತಾನೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತು, ಗೆಳತಿಯ ಪುಸ್ತಕ ನೋಡಿ ಅಂದವಾಗಿ ನಕಲು ಮಾಡಿಕೊಳ್ಳುವ ಹುಡುಗಿ "ಒಳ್ಳೆಯ ಹುಡುಗಿ, ಆದರೆ ಓದಿನಲ್ಲಿ ಹಿಂದೆ" ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾಳೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮರೆಯೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಕ್ರಮದಲ್ಲಿ ಬೆಳೆಯುವ ಮಗು "ಧರ್ಮ"ವನ್ನು "ದರ್ಮ" ಎಂದು ಬರೆದರೆ, ತುಳು ಮಾತನಾಡುವವರಿಗೆ ಮಹಾಪ್ರಾಣ ಬರುವುದು ತಡ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಮನೆಮಾತಿನ ಪ್ರಭಾವದಿಂದ ಬಂದ ತಪ್ಪು ಬಳಕೆ ಹೆಚ್ಚಿದಂತೆ ಕಡಿಮೆಯಾಗುತ್ತದೆ ಮತ್ತು ಓದಿನ ವೇಗಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ಡಿಸ್ಲೆಕ್ಸಿಯಾದ ತೊಡಕಾದರೋ ಕಲಿತ ಪ್ರತಿಯೊಂದು ಭಾಷೆಯ ಓದಿನಲ್ಲೂ ಯಾವುದಾದರೊಂದು ರೂಪದಲ್ಲಿ ಕಾಣಿಸಿಕೊಂಡು, ವರ್ಷಗಳ ಅಭ್ಯಾಸದ ಬಳಿಕವೂ ಉಳಿದಿರುತ್ತದೆ. ಕನ್ನಡದಲ್ಲಿ ಬರೆದಂತೆ ಓದಬಹುದಾದ್ದರಿಂದ ಕೆಲವರಿಗೆ ಕನ್ನಡದ ಓದು ನಿಧಾನವಾದರೂ ಸರಿಯಾಗಿರುತ್ತದೆ, ಉಚ್ಚಾರಕ್ಕೂ ಕಾಗುಣಿತಕ್ಕೂ ಹೊಂದದ ಇಂಗ್ಲಿಷಿನಲ್ಲಿ ತೊಂದರೆ ಎದ್ದು ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಹೇಗೋ ಎಸ್ಸೆಸ್ಸೆಲ್ಸಿ ದಾಟಿದ ಹುಡುಗಿ ಪಿಯುಸಿಯಲ್ಲಿ ಕುಸಿದರೆ ಮಾಧ್ಯಮ ಬದಲಾದದ್ದಷ್ಟೇ ಕಾರಣವೆಂದು ತೀರ್ಮಾನಿಸುವ ಮೊದಲು ಇದನ್ನೂ ಯೋಚಿಸಬೇಕು.

ಹೆಜ್ಜೆ 1: ನಿಮ್ಮ ಓದಿನ ವಿವರವನ್ನು ದಾಖಲಿಸಿಕೊಳ್ಳಿ

ಎರಡು ಮೂರು ವಾರಗಳ ಕಾಲ, ಓದು ಬರಹದ ಸಂದರ್ಭ ಬಂದಾಗಲೆಲ್ಲ ಏನಾಯಿತು ಎಂಬುದನ್ನು ಫೋನಿನಲ್ಲಿ ನಿಮ್ಮ ಧ್ವನಿಯಲ್ಲೇ ಮುದ್ರಿಸಿಕೊಳ್ಳಿ. ಬರೆಯಲೇಬೇಕೆಂದಿಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡನ್ನು ಬಸ್ ಹೊರಡುವುದರೊಳಗೆ ಓದಲಾಯಿತೇ, ಇಲ್ಲವೆ ಕಂಡಕ್ಟರ್ ಕೂಗಿದ್ದನ್ನು ಕೇಳಿ ಹತ್ತಿದಿರೇ? ಮಗುವಿನ ಶಾಲೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸೂಚನೆಯನ್ನು ಎಷ್ಟು ಸಲ ಓದಿದ ಮೇಲೆ ಅರ್ಥವಾಯಿತು? ಅದೇ ಸೂಚನೆಯನ್ನು ಯಾರಾದರೂ ಓದಿ ಹೇಳಿದಾಗ ಒಂದೇ ಸಲಕ್ಕೆ ಅರ್ಥವಾಯಿತೇ? ಕೊನೆಯ ಪ್ರಶ್ನೆಯ ಉತ್ತರ ಬಹಳ ಮುಖ್ಯ. ಕಿವಿಯಿಂದ ಕೇಳಿದ್ದು ಸುಲಭವಾಗಿ ತಿಳಿದು, ಕಣ್ಣಿನಿಂದ ಓದಿದ್ದು ಮಾತ್ರ ತಡವಾಗಿ ತಿಳಿಯುತ್ತದೆಯಾದರೆ, ತೊಡಕು ಇರುವುದು ತಿಳಿವಳಿಕೆಯಲ್ಲಿ ಅಲ್ಲ, ಅಕ್ಷರ ಬಿಡಿಸುವ ಹಂತದಲ್ಲಿ ಎಂಬುದಕ್ಕೆ ಅದೇ ಒಳ್ಳೆಯ ಸುಳಿವು.

ಕನ್ನಡದ ಓದಿನಲ್ಲಿ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಇಂಗ್ಲಿಷಿನ 26 ಅಕ್ಷರಗಳಿಗೆ ಹೋಲಿಸಿದರೆ ಕಾಗುಣಿತ ಮತ್ತು ಒತ್ತಕ್ಷರಗಳು ಸೇರಿ ಕನ್ನಡದಲ್ಲಿ ನೂರಾರು ರೂಪಗಳನ್ನು ಗುರುತಿಸಬೇಕಾಗುತ್ತದೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಸಾಮಾನ್ಯ ಮಕ್ಕಳಿಗೂ ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಹಲವು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ನಿಮ್ಮ ತಪ್ಪುಗಳು ಎಲ್ಲಿ ಗುಂಪಾಗುತ್ತವೆ ಎಂದು ನೋಡಿ. ಒತ್ತಕ್ಷರ ಬಂದಲ್ಲಿ ಎಡವುತ್ತೀರೇ? ಹ್ರಸ್ವ ದೀರ್ಘಗಳು ಬಿಟ್ಟುಹೋಗುತ್ತವೆಯೇ? ಪ, ಷ, ಫ ಅಥವಾ ವ, ಮ ಇಂಥ ಹೋಲುವ ರೂಪಗಳು ಅದಲುಬದಲಾಗುತ್ತವೆಯೇ? ಸಾಲು ತಪ್ಪುತ್ತದೆಯೇ? ಪದದ ಮೊದಲಕ್ಷರ ನೋಡಿ ಉಳಿದುದನ್ನು ಊಹಿಸುತ್ತೀರೇ? ಒಬ್ಬರೇ ಓದುವಾಗ ಆಗುವ ತಪ್ಪು, ಎದುರಿಗೆ ಯಾರಾದರೂ ಇದ್ದಾಗ ಎರಡರಷ್ಟಾಗುತ್ತದೆಯೇ? ಎದುರಿಗೆ ಜನರಿದ್ದಾಗ ತಪ್ಪು ಹೆಚ್ಚಿದರೆ ಅದರಲ್ಲಿ ಅಂಜಿಕೆಯ ಪಾಲೂ ಇರುತ್ತದೆ, ಅದಕ್ಕೆ ಬೇರೆಯೇ ಉಪಾಯ ಬೇಕಾಗುತ್ತದೆ.

ಸಲೀಸಾದುದನ್ನೂ ಅಷ್ಟೇ ಪ್ರಾಮಾಣಿಕವಾಗಿ ದಾಖಲಿಸಿ: ಲೆಕ್ಕ, ಜನರ ಮುಖ, ದಾರಿಯ ನೆನಪು, ಮಾತುಗಾರಿಕೆ, ಹೊಲಿಗೆ, ವ್ಯಾಪಾರ, ಹೀಗೆ. ಡಿಸ್ಲೆಕ್ಸಿಯಾ ಇರುವವರೆಲ್ಲ ಅಸಾಮಾನ್ಯ ಪ್ರತಿಭಾವಂತರು ಎಂಬ ಪ್ರಚಾರ ಇತ್ತೀಚೆಗೆ ಹೆಚ್ಚಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಗೌರವ ಪಡೆಯಲು ಯಾರೂ ಪ್ರತಿಭಾವಂತರೆಂದು ಸಾಬೀತುಪಡಿಸಬೇಕಾಗಿಲ್ಲ, ಮತ್ತು ಅಂಥ ಪ್ರತಿಭೆ ತನ್ನಲ್ಲಿ ಕಾಣದ ಹೆಣ್ಣುಮಗಳು ಎರಡನೆಯ ಸಲ ಸೋತೆನೆಂದು ಕೊರಗುವಂತಾಗಬಾರದು.

ಹೆಜ್ಜೆ 2: ನಿಮ್ಮ ಬಗ್ಗೆ ನೀವು ಆಡುವ ಮಾತನ್ನು ತಿದ್ದಿಕೊಳ್ಳಿ

ಚಿಕ್ಕಂದಿನಿಂದ ಕೇಳಿದ ಮಾತುಗಳು ನಮ್ಮದೇ ಅಭಿಪ್ರಾಯವಾಗಿ ಬೇರೂರಿರುತ್ತವೆ. "ದಡ್ಡಿ", "ಉದಾಸೀನದವಳು", "ಇವಳಿಗೆ ಓದು ಬೇಡ, ಒಳ್ಳೆಯ ಕಡೆ ಮದುವೆ ಮಾಡಿಬಿಡಿ" ಎಂಬವುಗಳಲ್ಲಿ ಯಾವುದೂ ನಿಮ್ಮ ಓದಿನ ವಿವರವಲ್ಲ, ಎಲ್ಲವೂ ತೀರ್ಪುಗಳು. ಮೊದಲ ಹೆಜ್ಜೆಯ ದಾಖಲೆಗಳನ್ನು ಒಮ್ಮೆ ಕೇಳಿಸಿಕೊಂಡು, ಪ್ರತಿಯೊಂದು ತೀರ್ಪಿನ ಜಾಗದಲ್ಲಿ ಒಂದು ವಿವರವನ್ನು ಇಡಿ. "ನಾನು ದಡ್ಡಿ" ಎನ್ನುವಲ್ಲಿ "ನಾನು ಓದುವುದು ನಿಧಾನ, ಕೇಳಿದ್ದು ಬೇಗ ತಿಳಿಯುತ್ತದೆ" ಎಂದಿರಲಿ. "ನನಗೆ ಬರೆಯಲು ಬರುವುದಿಲ್ಲ" ಎನ್ನುವಲ್ಲಿ "ವಿಷಯ ತಿಳಿದಿರುತ್ತದೆ, ಕಾಗುಣಿತ ತಪ್ಪುತ್ತದೆ, ಬಾಯಲ್ಲಿ ಹೇಳಿ ಬರೆಸಿದರೆ ಸರಿಯಾಗುತ್ತದೆ" ಎಂದಿರಲಿ.

ನೇಜಿ (ಭತ್ತದ ಸಸಿ) ನೆಡುವಾಗ ತುಳುವಿನ ಉದ್ದುದ್ದದ ಹಾಡುಗತೆಗಳಾದ ಪಾಡ್ದನಗಳನ್ನು ಒಂದು ಅಕ್ಷರವನ್ನೂ ನೋಡದೆ ಹಾಡುತ್ತಿದ್ದ ಹೆಂಗಸರ ನಾಡು ನಮ್ಮದು. ಅವರ ಜ್ಞಾನವನ್ನು ಯಾರೂ ಅಕ್ಷರದಿಂದ ಅಳೆಯುತ್ತಿರಲಿಲ್ಲ. ಇಂದು ಬದುಕು ಅಕ್ಷರವನ್ನು ಬೇಡುತ್ತದೆ, ನಿಜ. ಆದರೆ ಅಕ್ಷರ ಓದುವ ವೇಗವೇ ತಿಳಿವಳಿಕೆಯ ಅಳತೆ ಎಂಬ ನಂಬಿಕೆ ನಮ್ಮಲ್ಲೂ ಬಹಳ ಹಳೆಯದಲ್ಲ.

ಮುಚ್ಚಿಟ್ಟು ಬದುಕುವುದಕ್ಕೆ ತಗಲುವ ಶ್ರಮವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಭಜನೆಯ ಸಾಲುಗಳನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡುವುದು, ಕಚೇರಿಯ ಪತ್ರವನ್ನು ಮನೆಗೆ ತಂದು ಮೂರು ಸಲ ಓದುವುದು, ಬಡ್ತಿಯೊಂದಿಗೆ ಬರಹದ ಕೆಲಸ ಹೆಚ್ಚುತ್ತದೆಂದು ಬಡ್ತಿಯನ್ನೇ ಬೇಡವೆನ್ನುವುದು ಇವೆಲ್ಲ ಹೊರಗಿನವರಿಗೆ ಕಾಣದ ದುಡಿಮೆ. ವರ್ಷಗಳ ಅವಮಾನದಿಂದ ನಿದ್ದೆ ಕೆಡುತ್ತಿದ್ದರೆ, ಯಾವ ಕೆಲಸಕ್ಕೂ ಮನಸ್ಸೇ ಏಳುತ್ತಿಲ್ಲವಾದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮಾತನಾಡಬಹುದು, ಅದು ಉಚಿತ.

ಹೆಜ್ಜೆ 3: ಪರೀಕ್ಷೆ ಮಾಡಿಸಿಕೊಳ್ಳುವ ಬಗ್ಗೆ ತೀರ್ಮಾನಿಸಿ

ವಯಸ್ಸಾದ ಮೇಲೆ ಡಿಸ್ಲೆಕ್ಸಿಯಾದ ಪರೀಕ್ಷೆ ಏಕೆ ಎಂದು ಮನೆಯವರು ಕೇಳಬಹುದು. ಓದಿನ ಅಥವಾ ನೇಮಕಾತಿಯ ಪರೀಕ್ಷೆ, ಹುದ್ದೆ, ಕಾಲೇಜು ಇವುಗಳಲ್ಲಿ ಅನುಕೂಲ ಬೇಕಿದ್ದರೆ ಪ್ರಮಾಣಪತ್ರ ಬೇಕೇ ಬೇಕು. ಮನೆ ಮತ್ತು ಸಂಘದ ಮಟ್ಟದಲ್ಲಿ ಮಾತ್ರ ಬದಲಾವಣೆ ಬೇಕೆಂದಿದ್ದರೆ ಪ್ರಮಾಣಪತ್ರವಿಲ್ಲದೆಯೂ ಮುಂದಿನ ಹೆಜ್ಜೆಗೆ ಹೋಗಬಹುದು.

ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮಾಡಿಸಿ, ಅವುಗಳಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬಳಿಕ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಅವರನ್ನು ಕಾಣಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಮುಂತಾದ ಕಡೆ ಮನೋವೈದ್ಯಕೀಯ ವಿಭಾಗಗಳೂ, ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ ವಾಕ್ ಶ್ರವಣ ತಜ್ಞರೂ ಇದ್ದಾರೆ. ಸರ್ಕಾರಿ ಪ್ರಮಾಣಪತ್ರಕ್ಕೆ ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿಗಾಗಿ ಸಲ್ಲಿಸಬೇಕು.

ಇಲ್ಲಿ ಒಂದು ತೊಡಕನ್ನು ಮೊದಲೇ ತಿಳಿದಿರಿ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ನಿಮ್ಹಾನ್ಸ್‌ನ ಪರೀಕ್ಷಾ ಕ್ರಮ ಶಾಲಾಮಕ್ಕಳಿಗಾಗಿ ರೂಪಿಸಿದ್ದು. ಆದ್ದರಿಂದ ವಯಸ್ಕರ ವಿಷಯದಲ್ಲಿ ಬಾಲ್ಯದಿಂದ ಬಂದ ಚರಿತ್ರೆಗೆ ಹೆಚ್ಚಿನ ತೂಕವಿರುತ್ತದೆ. ಹಳೆಯ ಅಂಕಪಟ್ಟಿ, ಕೈಗೆ ಸಿಕ್ಕಿದ ನೋಟ್‌ಪುಸ್ತಕ, ನಿಮ್ಮ ಬಾಲ್ಯವನ್ನು ಕಂಡ ಅಮ್ಮನ ಅಥವಾ ಅಕ್ಕನ ಹೇಳಿಕೆ, ಮೊದಲ ಹೆಜ್ಜೆಯ ಧ್ವನಿ ದಾಖಲೆಗಳು ಇವೆಲ್ಲವನ್ನೂ ಜೊತೆಗೊಯ್ಯಿರಿ. "ಇಷ್ಟು ವರ್ಷ ಇಲ್ಲದ್ದು ಈಗೇನು?" ಎಂದು ಯಾರಾದರೂ ಕೇಳಿದರೆ, "ಚಿಕ್ಕಂದಿನಿಂದಲೂ ಇದೆ ಡಾಕ್ಟ್ರೇ, ಆಗ ಯಾರೂ ಪರೀಕ್ಷಿಸಲಿಲ್ಲ, ಇಗೋ ದಾಖಲೆ" ಎಂದು ಹೇಳಲು ಅವು ನೆರವಾಗುತ್ತವೆ. ವರದಿ ಕೈಗೆ ಬಂದಾಗ ಅದನ್ನು ಓದಿ ವಿವರಿಸುವಂತೆ ಅಲ್ಲಿಯೇ ಕೇಳಿ, ಅನುಮತಿ ಪಡೆದು ಆ ವಿವರಣೆಯನ್ನು ಮುದ್ರಿಸಿಕೊಳ್ಳಿ.

ಹೆಜ್ಜೆ 4: ಯಾರಿಗೆ, ಎಷ್ಟು, ಹೇಗೆ ಹೇಳಬೇಕು

ಎಲ್ಲರಿಗೂ ಹೇಳಬೇಕಾಗಿಲ್ಲ. ಹೇಳುವುದರಿಂದ ನಿಮಗೆ ಏನಾದರೂ ಸಿಗುವಂತಿದ್ದರೆ, ಅದನ್ನು ಕೊಡಬಲ್ಲವರಿಗೆ ಹೇಳಿ. ಮಾತಿನಲ್ಲಿ ಮೂರು ಭಾಗಗಳಿರಲಿ: ಯಾವುದು ಕಷ್ಟ, ಏನು ಬೇಕು, ಅದರಿಂದ ಕೆಲಸಕ್ಕೆ ಏನು ಒಳಿತು. ಕ್ಷಮೆ ಕೇಳುವ ಭಾಗ ಅದರಲ್ಲಿ ಇರಬಾರದು. ಹೆಣ್ಣುಮಕ್ಕಳು "ತಪ್ಪು ತಿಳಿಯಬೇಡಿ, ನನ್ನಿಂದ ತೊಂದರೆಯಾಗುತ್ತದೆ" ಎಂದೇ ಮಾತು ಆರಂಭಿಸುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ. ಹಾಗೆ ಆರಂಭವಾದ ಮಾತು ಬೇಡಿಕೆಯಾಗಿ ಉಳಿಯದೆ ಉಪಕಾರದ ಯಾಚನೆಯಾಗಿಬಿಡುತ್ತದೆ.

ಕಚೇರಿಯಲ್ಲಿ: "ಮೇಡಂ, ನನಗೆ ಡಿಸ್ಲೆಕ್ಸಿಯಾ ಇದೆ, ಉದ್ದನೆಯ ಸುತ್ತೋಲೆ ಓದಲು ಸಮಯ ಹಿಡಿಯುತ್ತದೆ. ಸಭೆಯ ಕಾಗದಗಳು ಹಿಂದಿನ ದಿನವೇ ನನ್ನ ಫೋನಿಗೆ ಬಂದರೆ ಕೇಳಿಸಿಕೊಂಡು ಸಿದ್ಧಳಾಗಿ ಬರುತ್ತೇನೆ, ಸಭೆಯಲ್ಲಿ ಸಮಯ ಉಳಿಯುತ್ತದೆ." ಸಂಘದಲ್ಲಿ: "ಅಕ್ಕ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ, ನಡಾವಳಿ ಓದುವುದನ್ನು ಬೇರೆಯವರಿಗೆ ಕೊಡಿ, ನನಗೆ ಗಟ್ಟಿಯಾಗಿ ಓದುವುದು ಕಷ್ಟ, ಲೆಕ್ಕ ತಪ್ಪುವುದಿಲ್ಲ." ಮನೆಯಲ್ಲಿ: "ಅತ್ತೆ, ನಿಮ್ಮ ಮಾತ್ರೆಗಳ ಹೆಸರು ಒಂದರಂತೆ ಒಂದಿವೆ. ಬೆಳಗ್ಗಿನದಕ್ಕೂ ರಾತ್ರಿಯದಕ್ಕೂ ಬೇರೆ ಬೇರೆ ಬಣ್ಣದ ಡಬ್ಬಿ ಮಾಡುತ್ತೇನೆ, ಮೊದಲ ಸಲ ನೀವೂ ಒಮ್ಮೆ ನೋಡಿ." ಇವನ್ನು ಹಾಗೆಯೇ ಬಳಸಬೇಕಾಗಿಲ್ಲ, ನಿಮ್ಮ ಮನೆಮಾತಿನಲ್ಲಿ, ನಿಮ್ಮ ಬಾಯಿಗೆ ಒಗ್ಗುವಂತೆ ಮಾರ್ಪಡಿಸಿ, ನಂಬಿಕೆಯ ಒಬ್ಬರೆದುರು ಒಮ್ಮೆ ಹೇಳಿನೋಡಿ.

ಗಂಡನಿಗೆ ಅಥವಾ ಮದುವೆಯ ಮಾತುಕತೆಯ ಹಂತದಲ್ಲಿ ಹೇಳುವ ವಿಚಾರ ಸೂಕ್ಷ್ಮವಾದುದು, ಅದಕ್ಕೆ ಹೊರಗಿನವರು ನಿಯಮ ಹೇಳಲಾಗದು. ಆದರೂ ನನ್ನ ಅಭಿಪ್ರಾಯ ಕೇಳುವುದಾದರೆ, ಹೇಳಿಬಿಡುವುದೇ ಲೇಸು. ಕಾಗದಪತ್ರಗಳಿಗೆಲ್ಲ ಗಂಡನನ್ನೇ ಅವಲಂಬಿಸುವ ಹೆಂಡತಿ, ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆ ಎಂಬುದನ್ನೇ ತಿಳಿಯದ ಸ್ಥಿತಿಗೆ ಬರಬಹುದು. ಸಾಲದ ಪತ್ರ, ಜಾಗದ ಪತ್ರ, ಜಾಮೀನು ಇಂಥ ಯಾವುದಕ್ಕೂ ಕೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಗೂಗಲ್ ಲೆನ್ಸ್‌ನಿಂದ ಮುದ್ರಿತ ಪುಟವನ್ನು ಫೋನಿನಲ್ಲೇ ಓದಿಸಿಕೊಳ್ಳಬಹುದು. ದೊಡ್ಡ ವ್ಯವಹಾರವಾದರೆ ಮನೆಗೆ ಸಂಬಂಧವಿಲ್ಲದ ಒಬ್ಬರಿಂದ ಓದಿಸಿ.

ಹೆಜ್ಜೆ 5: ಕಾನೂನು ಏನು ಕೊಡುತ್ತದೆ ಎಂದು ತಿಳಿದು ಕೇಳಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದು ಪಟ್ಟಿ ಮಾಡಿದ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರೊಳಗೆ ಹೆಸರಿಸಿಯೇ ಬಂದಿದೆ. ಪ್ರಮಾಣಪತ್ರದಲ್ಲಿ ನ್ಯೂನತೆ ಶೇಕಡಾ 40 ಅಥವಾ ಹೆಚ್ಚೆಂದು ನಮೂದಾದರೆ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಕಲಚೇತನರಿಗೆಂದು ಇರುವ ಕನಿಷ್ಠ ಶೇಕಡಾ 5 ಸೀಟುಗಳಿಗೂ, ಸರ್ಕಾರಿ ಹುದ್ದೆಗಳ ಶೇಕಡಾ 4 ಮೀಸಲಾತಿಯಲ್ಲಿ ಕಲಿಕಾ ನ್ಯೂನತೆಯೂ ಸೇರಿದ ಗುಂಪಿನ ಪಾಲಿಗೂ ಅರ್ಜಿ ಹಾಕಬಹುದು. ಪರೀಕ್ಷೆಗಳಲ್ಲಿ ಒಂದು ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ಪ್ರತಿ ಪರೀಕ್ಷೆಯ ಅಧಿಸೂಚನೆಯಲ್ಲಿ ಆಗಿನ ನಿಯಮ, ಪ್ರಮಾಣಪತ್ರದ ನಮೂನೆ ಮತ್ತು ಕೊನೆಯ ದಿನಾಂಕವನ್ನು ನೋಡಿ, ಅರ್ಜಿ ತುಂಬುವಾಗಲೇ ಬೇಡಿಕೆ ನಮೂದಿಸಿ.

ಶೇಕಡಾ 40ಕ್ಕಿಂತ ಕಡಿಮೆ ಬಂತೆಂದು ಬಾಗಿಲು ಮುಚ್ಚುವುದಿಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವಿನಂಥ ಅನುಕೂಲವನ್ನು ಆ ಮಿತಿ ದಾಟಿದವರಿಗೆ ಮಾತ್ರ ಸೀಮಿತಗೊಳಿಸಲಾಗದು ಎಂದಿತು. ಅದೇ ವರ್ಷದ ನವೆಂಬರಿನಲ್ಲಿ, ಬರಹದ ತೊಡಕಿರುವ ವಿದ್ಯಾರ್ಥಿನಿಯೊಬ್ಬರಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ಕೇಂದ್ರದಲ್ಲಿ ಹೆಚ್ಚುವರಿ ಸಮಯ ನಿರಾಕರಿಸಿದ್ದನ್ನು ಅದೇ ನ್ಯಾಯಾಲಯ ತಪ್ಪೆಂದು ಕಂಡು, ಆದ ಅನ್ಯಾಯ ಸರಿಪಡಿಸುವ ದಾರಿ ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಮರುಪರೀಕ್ಷೆಗೆ ಮಾತ್ರ ಆದೇಶಿಸಲಿಲ್ಲ. ಅದರಿಂದ ನಾವು ಕಲಿಯಬೇಕಾದ ಪಾಠ ಬಹಳ ವ್ಯಾವಹಾರಿಕವಾದುದು: ಪರೀಕ್ಷೆಗೆ ಮುಂಚೆಯೇ ಕೇಂದ್ರಕ್ಕೆ ಹೋಗಿ, ಅನುಮತಿಯ ಪ್ರತಿಯನ್ನು ಅಲ್ಲಿನ ಮುಖ್ಯಸ್ಥರಿಗೆ ತೋರಿಸಿ, ಅವರಿಗೆ ಆದೇಶ ತಲುಪಿದೆಯೇ ಎಂದು ಕೇಳಿ ತಿಳಿಯಿರಿ.

ಉದ್ಯೋಗದ ವಿಷಯದಲ್ಲಿ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಕಾಯ್ದೆಯ 21ನೆಯ ಕಲಂ ಹೇಳುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಆ ನೀತಿಯ ಪ್ರತಿಯನ್ನು ಕೇಳುವುದು ನಿಮ್ಮ ಮೊದಲ ವಿನಂತಿಯಾಗಿರಲಿ. ದಾದಿಯರಾಗಿ ದುಡಿಯುವವರು ಔಷಧದ ಹೆಸರು ಮತ್ತು ಪ್ರಮಾಣವನ್ನು ಇನ್ನೊಬ್ಬರೊಡನೆ ಗಟ್ಟಿಯಾಗಿ ಹೇಳಿ ತಾಳೆನೋಡುವ ಕ್ರಮವನ್ನು ಕೇಳಿ ಪಡೆಯಬೇಕು. ಅದು ರೋಗಿಯ ಸುರಕ್ಷತೆಗೂ ಬೇಕಾದುದೇ ಆದ್ದರಿಂದ ಸಂಕೋಚಕ್ಕೆ ಕಾರಣವಿಲ್ಲ.

ಹೆಜ್ಜೆ 6: ಇಲ್ಲವೆಂದರೆ ಮುಂದೇನು

ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ. ಬೇಡಿಕೆಯನ್ನು ಅರ್ಧ ಪುಟದಲ್ಲಿ ಬರೆದು, ಅಥವಾ ಫೋನಿಗೆ ಹೇಳಿ ಬರೆಸಿ, ಒಬ್ಬರಿಂದ ಓದಿಸಿ ತಿದ್ದಿಸಿ, ಎರಡು ಪ್ರತಿ ಮಾಡಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಆಗದು ಎಂದರೆ ಸರ್ಕಾರಿ ಕಚೇರಿಯಲ್ಲಿ ಹಿಂಬರಹ (ಲಿಖಿತ ಉತ್ತರ) ಕೇಳಿ. ಸರ್ಕಾರಿ ಸಂಸ್ಥೆಗಳಲ್ಲಿ ಇಂಥ ದೂರಿಗೆಂದೇ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು. ಅಲ್ಲಿಯೂ ಆಗದಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿ, ಆಮೇಲೆ ವಿಕಲಚೇತನರ ರಾಜ್ಯ ಆಯುಕ್ತರು.

ವಕೀಲರ ಖರ್ಚಿಗೆ ಹೆದರುವುದು ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸಹಾಯವಾಣಿಯ ಸಂಖ್ಯೆ 15100.

ಹೆಜ್ಜೆ 7: ಮಕ್ಕಳಿದ್ದರೆ

ನಿಮ್ಮ ಮಗುವಿಗೂ ಇದೇ ತೊಡಕು ಇದೆಯೆಂದು ಅನುಮಾನ ಬಂದರೆ ಶಾಲೆಗೆ ಹೋಗಿ ಮಾತನಾಡಬೇಕಾದವರು ನೀವೇ, ಏಕೆಂದರೆ ಒಳಗಿನಿಂದ ಅದನ್ನು ಬಲ್ಲವರು ನೀವು. ಪ್ರಾಸ ಗುರುತಿಸುವುದು, ಪದವನ್ನು ಧ್ವನಿಗಳಾಗಿ ಬಿಡಿಸುವುದು ಒಂದನೆಯ ತರಗತಿಯಲ್ಲೂ ಕಷ್ಟವಾಗಿದ್ದರೆ ಟೀಚರಿಗೆ ತಿಳಿಸಿ. ಮೂರನೆಯ ತರಗತಿಯವರೆಗೆ ಕಾಯುತ್ತಾ ಕೂರದೆ ಓದಿನ ನೆರವು ಆಗಲೇ ಆರಂಭವಾಗಲಿ, ಸರ್ಕಾರಿ ಪ್ರಮಾಣಪತ್ರ ಮಾತ್ರ 8 ವರ್ಷ ತುಂಬಿದ ಮೇಲೆ ಸಿಗುವಂಥದು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡುವುದು ಶಾಲೆಯ ಹೊಣೆಯೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೆಯ ಕಲಂ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವು 17ನೆಯ ಕಲಮಿನಲ್ಲಿವೆ. ಭಾಷಾ ವಿನಾಯಿತಿಯನ್ನು ಎಸ್ಸೆಸ್ಸೆಲ್ಸಿಯ ವರ್ಷದಲ್ಲಿ ಓಡಾಡಿ ಪಡೆಯುವುದಕ್ಕಿಂತ ಎಂಟನೆಯ ತರಗತಿಯಲ್ಲೇ ಕಾಗದಪತ್ರ ಸಿದ್ಧಮಾಡಿಕೊಳ್ಳುವುದು ಒಳ್ಳೆಯದು. ಮಗಳಾಗಿದ್ದರೆ, ಗಲಾಟೆ ಮಾಡದವಳೆಂಬ ಕಾರಣಕ್ಕೆ ಅವಳ ಸರದಿ ಕೊನೆಗೆ ಹೋಗದಂತೆ, ಪ್ರತಿ ಪೋಷಕರ ಸಭೆಯಲ್ಲೂ ಅವಳ ಓದಿನ ವಿಷಯವನ್ನು ಹೆಸರು ಹಿಡಿದು ಕೇಳಿ.